ಗಾಡಿ ನಡುಗುತ್ತದೆ

ಗಾಡಿಯಲ್ಲಿ ಏನೂ ತೊಂದರೆಯಿಲ್ಲ ಎಂದು ಮೆಕ್ಯಾನಿಕ್ ರಮಾನಂದ ಹೇಳಿದ್ದು ಆ ಗಾಡಿಯನ್ನು ದಿನಾ ಓಡಿಸುತ್ತಿದ್ದ ಶರ್ಮಿಳೆಗಲ್ಲ, ಅವಳ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಅವಳ ಗಂಡ ಶ್ರೀರಾಮನಿಗೆ. "ಕರ್ಕಿವರೆಗೆ ಹೋಗಿ ಬಂದೆ ಸಾರ್. ಎಂತೂ ನಡುಗುದಿಲ್ಲ. ಗಾಡಿ ಮಸ್ತ್ ಅದೆ," ಎಂದು ಬೀಗದಕೈಯನ್ನೂ ಅವನ ಕೈಗೇ ಕೊಟ್ಟ. ಹೊನ್ನಾವರದ ಹೆದ್ದಾರಿ ಬದಿಯ ಆ ಗ್ಯಾರೇಜಿನ ತಗಡಿನ ಮಾಡು ಬೆಳಿಗ್ಗೆಯೇ ಕಾದಿತ್ತು. ಶ್ರೀರಾಮ ಹೆಂಡತಿಯ ಕಡೆ ತಿರುಗಿ ನೋಡಿದ. ನಿನ್ನೆ ಊಟಕ್ಕೆ ಕೂತಾಗ ಅತ್ತೆಯ ಎದುರೇ ಮಾತಾಗಿತ್ತು: ರಮಾನಂದ ನೋಡಿ ಗಾಡಿಯಲ್ಲಿ ದೋಷ ಇದೆ ಅಂದರೆ ಸರಿ, ಇಲ್ಲವೆಂದರೆ ಶರ್ಮಿಳೆ ಇನ್ನು ಮೇಲೆ ಸ್ಟಿಯರಿಂಗ್ ಮುಟ್ಟುವುದಿಲ್ಲ, ಭಟ್ಕಳದ ಶಾಲೆಗೆ ಬಸ್ಸಿನಲ್ಲೇ ಹೋಗುತ್ತಾಳೆ. ಅವಳು ‘ಆತು’ ಅಂದಿದ್ದಳು. ಬ್ರೇಕ್ ಒತ್ತಿದರೆ ಗಾಡಿ ಗಡಗಡ ನಡುಗುವುದು ಅವಳ ಎರಡೂ ಅಂಗೈಗೆ ಗೊತ್ತಿರುವ ಸಂಗತಿ. ಬಲ್ಲವನೊಬ್ಬ ಕೂತು ನೋಡಿದರೆ ತಿಳಿಯದೆ ಇರುತ್ತದೆಯೇ ಎಂದುಕೊಂಡಿದ್ದಳು. ಬಲ್ಲವನು ಕೂತು ನೋಡಿದ, ತಿಳಿಯಲಿಲ್ಲ, ಅಷ್ಟೇ.

"ಎಷ್ಟು ಸ್ಪೀಡಲ್ಲಿ ಹೋಗಿದ್ದೆ ರಮಾನಂದ?" ಎಂದು ಅವಳು ಕೇಳಿದಳು. ಅವನು ಬಟ್ಟೆಯಲ್ಲಿ ಕೈ ಒರೆಸುತ್ತ, "ಟ್ರಾಫಿಕ್ ಇತ್ತು ಸಾರ್, ನಲವತ್ತರ ಮೇಲೆ ಹೋಗುಕೆ ಆಗ್ಲಿಲ್ಲ," ಎಂದು ಶ್ರೀರಾಮನಿಗೆ ಉತ್ತರ ಕೊಟ್ಟ. ಪ್ರಶ್ನೆ ಇವಳದು, ಉತ್ತರ ಅವನಿಗೆ. ಇದೇನು ಹೊಸತಲ್ಲ. ಗಾಡಿ ಕೊಂಡ ದಿನ ಶೋರೂಮಿನ ಹುಡುಗಿಯೂ ಹೀಗೇ ಮಾಡಿದ್ದಳು. ಇವಳ ಹೆಸರಿನ ಗಾಡಿ, ಇವಳ ಸಂಬಳದ ಗಾಡಿ, ಬಣ್ಣ ಯಾವುದು ಬೇಕೆಂದು ಮಾತ್ರ ಇವಳನ್ನು ಕೇಳಿದ್ದಳು, ಉಳಿದದ್ದನ್ನೆಲ್ಲ ಸಾರ್‌ಗೆ ವಿವರಿಸಿದ್ದಳು. ಆ ಸಾರ್ ಹೂಂ ಹೂಂ ಎಂದು ತಲೆಯಾಡಿಸಿದ್ದರು. ಆ ತಲೆಯಾಡಿಸುವಿಕೆಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. "ನಲವತ್ತರಲ್ಲಿ ನಡುಗ್ತಿಲ್ಲೆ ಹೇಳಿ ಆನೂ ಹೇಳಿದ್ನಲೆ. ಎಂಬತ್ತರಲ್ಲಿ ಹೋಗಿ ಬ್ರೇಕ್ ಒತ್ತಿ ನೋಡವು," ಎಂದಳು ಗಂಡನಿಗೆ, ‘ನಾನು’ ಎನ್ನುವುದಕ್ಕೆ ‘ಆನು’ ಎನ್ನುವ ಮನೆಮಾತಿನಲ್ಲಿ. ಶ್ರೀರಾಮ ನಕ್ಕ, ರಮಾನಂದನಿಗೆ ಕಾಣುವ ಹಾಗೆ ನಕ್ಕ. "ಕುಣೀಲಿಕ್ಕೆ ಬಾರದವಳಿಗೆ ನೆಲ ಡೊಂಕು," ಎಂದ. ರಮಾನಂದನೂ ನಕ್ಕ. ಗಿರಾಕಿ ನಕ್ಕಾಗ ನಗದಿದ್ದರೆ ಹೇಗೆ?

ಈ ಗಾದೆಯನ್ನು ಅವನು ಎಷ್ಟನೆಯ ಸಲ ಹೇಳುತ್ತಿದ್ದಾನೆಂದು ಲೆಕ್ಕವಿಲ್ಲ. ಮಳೆಗಾಲ ಮುಗಿದ ಹೊಸತರಲ್ಲಿ ಮೊದಲ ಸಲ ಗಾಡಿ ನಡುಗಿದಾಗ ಅವಳು ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿದ್ದಳು. ಮುರ್ಡೇಶ್ವರದ ಕ್ರಾಸಿನ ಹತ್ತಿರ ಬಸ್ಸೊಂದು ಅಡ್ಡ ಬಂತು, ಬ್ರೇಕ್ ಹಾಕಿದೆ, ಸ್ಟಿಯರಿಂಗ್ ಕೈಯಲ್ಲೇ ಕುಣಿಯಿತು, ಡ್ಯಾಶ್‌ಬೋರ್ಡಿನ ಗಣಪತಿ ಮೂರ್ತಿಯೂ ಅಲುಗಿತು ಎಂದು. ಅವನು ಟಿವಿಯಿಂದ ಕಣ್ಣು ತೆಗೆಯದೆ, "ನೀ ಹೆದರಿಕೆಲಿ ಗಟ್ಟಿ ಹಿಡಿತೆ, ಅದ್ಕೇ ಹಾಂಗಾಗ್ತು," ಎಂದ. ಮುಂದಿನ ವಾರ ಮತ್ತೆ ಹೇಳಿದಳು. ರಸ್ತೆ ಸರಿಯಿಲ್ಲ ಎಂದ. ಆಮೇಲೆ ಚಕ್ರದ ಗಾಳಿ ಎಂದ. ಆಮೇಲೆ ಒಂದು ದಿನ ಅವಳ ಮುಖವನ್ನೇ ನೋಡಿ, ಬಹಳ ಮರುಕದಿಂದ, "ಶರ್ಮಿಳಾ, ಗಾಡಿ ನಡುಗ್ತಿಲ್ಲೆ. ನಿನ್ನ ಕೈ ನಡುಗ್ತು," ಎಂದ. ಆ ಮರುಕವೇ ಅವಳನ್ನು ಕೆಡಿಸಿದ್ದು. ಬೈದಿದ್ದರೆ ಎದುರಾಡುತ್ತಿದ್ದಳು. ಮರುಕಕ್ಕೆ ಏನು ಹೇಳುವುದು? ಅವಳ ಅಪ್ಪನಿಗೆ ಕೊನೆಗಾಲದಲ್ಲಿ ಕೈ ನಡುಕವಿತ್ತು. ಚಾದ ಲೋಟ ಬಾಯಿಗೆ ಬರುವುದರೊಳಗೆ ಅರ್ಧ ಪಂಚೆಯ ಮೇಲಿರುತ್ತಿತ್ತು. ಶ್ರೀರಾಮ ಅಪ್ಪನ ಹೆಸರು ಎತ್ತಲಿಲ್ಲ. ಎತ್ತದಿದ್ದರೂ ಅದು ಅವನ ದನಿಯಲ್ಲಿತ್ತು. ಅಂದಿನಿಂದ ಅವಳು ಅಡಿಗೆಮನೆಯಲ್ಲಿ ಒಬ್ಬಳೇ ಇರುವಾಗ ಸೌಟನ್ನು ಎದುರಿಗೆ ಚಾಚಿ ಹಿಡಿದು ನೋಡುವುದನ್ನು ಕಲಿತಳು.

ಆಮೇಲೆ ಕುಮಟೆಯ ಡಾಕ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ ಎಂದು ಮಕ್ಕಳಿಗೆ ಗಾದೆ ಹೇಳಿಕೊಡುವಾಗ ನಕ್ಕಿದ್ದೇ ನಕ್ಕಿದ್ದು. ಬರೆ ಹಾಕಿಸಿಕೊಳ್ಳುವ ಎಮ್ಮೆಗೆ ಹೇಗಿರುತ್ತದೆಂದು ಆ ದಿನ ತಿಳಿಯಿತು. ಗಾಡಿ ನಡುಗುತ್ತದೆ ಎಂದವಳನ್ನು ಅದೇ ಗಾಡಿಯ ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ನಿಧಾನಕ್ಕೆ, ಹಿಂದಿನ ಲಾರಿಗಳೆಲ್ಲ ಹಾರ್ನ್ ಹೊಡೆಯುವಷ್ಟು ನಿಧಾನಕ್ಕೆ ಓಡಿಸಿಕೊಂಡು ಹೋಗಿ, ಡಾಕ್ಟರ ಮುಂದೆ ಕೈ ಚಾಚಿಸಿದ. ಡಾಕ್ಟರು ಅವಳ ಬೆರಳುಗಳ ಮೇಲೆ ಒಂದು ಹಾಳೆ ಇಟ್ಟರು. ಮೂವರೂ ಅದನ್ನೇ ನೋಡಿದರು. ಐವತ್ತರ ಹತ್ತಿರದ ಹೆಂಗಸು, ಶಾಲೆಯಲ್ಲಿ ನೂರು ಮಕ್ಕಳನ್ನು ಕಣ್ಣಲ್ಲೇ ಕೂರಿಸುವ ಕನ್ನಡ ಟೀಚರ್, ಕಳ್ಳತನದಲ್ಲಿ ಸಿಕ್ಕಿಬಿದ್ದವಳಂತೆ ಕೈ ಚಾಚಿಕೊಂಡು ಕೂತಿದ್ದಳು. ಹಾಳೆ ಅಲುಗಲಿಲ್ಲ. ಡಾಕ್ಟರು ಏನೂ ಇಲ್ಲ ಎಂದರು, ನಿದ್ದೆ ಚೆನ್ನಾಗಿ ಮಾಡಿ ಎಂದರು, ಸುಮ್ಮನೆ ಕಳಿಸಬಾರದೆಂದು ಒಂದು ಶಕ್ತಿ ಮಾತ್ರೆ ಬರೆದರು. ಹೊರಗೆ ಬಂದು ಮೆಟ್ಟಿಲು ಇಳಿಯುವಾಗ ಶ್ರೀರಾಮ, "ಡಾಕ್ಟರ ಎದ್ರು ನಡುಗ್ತಿಲ್ಲೆ ಅಷ್ಟೇಯ," ಎಂದ. ಅವಳು ಆ ಮೆಟ್ಟಿಲ ಮೇಲೇ ಕೂತುಬಿಡಬೇಕೆಂದುಕೊಂಡಳು. ಕೂರಲಿಲ್ಲ. ಬರುವ ದಾರಿಯಲ್ಲಿ ಅತ್ತೆಗೆಂದು ಬಾಳೆಹಣ್ಣು ತೆಗೆದುಕೊಂಡಳು.

"ಸಾರ್, ಬೇಕಾದ್ರೆ ವೀಲ್ ಬ್ಯಾಲೆನ್ಸ್ ಮಾಡಿ ಕೊಡ್ತೆ," ಎನ್ನುತ್ತಿದ್ದ ಈಗ ರಮಾನಂದ. "ಮನಸ್ಸಿಗೆ ಒಂದು ಸಮಾಧಾನ ಆಗ್ತದೆ." ಯಾರ ಮನಸ್ಸಿಗೆ ಎಂದು ಅವನು ಹೇಳಲಿಲ್ಲ. ಚಕ್ರದ ಬ್ಯಾಲೆನ್ಸ್ ಅಲ್ಲ ಎಂದು ಶರ್ಮಿಳೆಗೆ ಗೊತ್ತಿತ್ತು. ಸೌಟು ಹಿಡಿದು ಹಿಡಿದು ಸಾಕಾಗಿ ಅವಳು ಒಂದು ಭಾನುವಾರ, ಶಾಲೆಯಲ್ಲಿ ಕೆಲಸವಿದೆ ಎಂದು ಸುಳ್ಳು ಹೇಳಿ, ಒಬ್ಬಳೇ ಮಂಕಿಯಿಂದ ಆಚೆಯ ನೇರ ರಸ್ತೆಗೆ ಹೋಗಿದ್ದಳು. ಎಂಬತ್ತಕ್ಕೆ ಏರಿಸಿ ಬ್ರೇಕ್ ಮುಟ್ಟದೆ ಬಿಟ್ಟಳು. ಸ್ಟಿಯರಿಂಗ್ ಮೇಲೆ ಎರಡು ಬೆರಳಿಟ್ಟರೆ ಸಾಕಿತ್ತು, ಅಷ್ಟು ಶಾಂತ. ಬ್ಯಾಲೆನ್ಸ್ ತಪ್ಪಿದ್ದರೆ ಬ್ರೇಕ್ ಮುಟ್ಟದಿದ್ದರೂ ನಡುಗಬೇಕಿತ್ತು. ಬ್ರೇಕ್ ಒತ್ತಿದಳು, ಶುರುವಾಯಿತು. ಕಾಲು ತೆಗೆದಳು, ನಿಂತಿತು. ಆಮೇಲೆ ಹಿಂದೆ ಮುಂದೆ ಯಾರೂ ಇಲ್ಲದ್ದು ನೋಡಿ, ವೇಗ ಇಳಿಸಿ, ಹ್ಯಾಂಡ್ ಬ್ರೇಕನ್ನು ಮೆಲ್ಲಗೆ ಎಳೆದಳು. ಅದು ಹಿಡಿಯುವುದು ಹಿಂದಿನ ಚಕ್ರಗಳನ್ನು. ಗಾಡಿ ನಡುಗದೆ ನಿಧಾನವಾಯಿತು. ಹಾಗಾದರೆ ಹಿಂದಿನದಲ್ಲ, ಮುಂದಿನ ಬ್ರೇಕಿನದೇ ದೋಷ. ಇಷ್ಟು ತಿಳಿಯುವುದಕ್ಕೆ ಯಾವ ದೊಡ್ಡ ವಿದ್ಯೆಯೂ ಬೇಕಿರಲಿಲ್ಲ, ಒಂದೊಂದನ್ನೇ ಬಿಟ್ಟು ನೋಡುವ ತಾಳ್ಮೆ ಬೇಕಿತ್ತು. ತಾಳ್ಮೆಯಂತೂ ಅವಳಿಗೆ ಬೇಕಾದಷ್ಟಿದೆ. ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ಒಬ್ಬಳೇ ಜೋರಾಗಿ ನಕ್ಕಿದ್ದಳು. ನನ್ನ ಕೈ ಅಲ್ಲ. ಅಪ್ಪಾ, ನನ್ನ ಕೈ ಅಲ್ಲ.

ಇದನ್ನು ಮನೆಯಲ್ಲಿ ಹೇಳಿದಾಗ ಶ್ರೀರಾಮ, ಸುಳ್ಳು ಹೇಳಿ ಹೋದದ್ದು ಯಾಕೆ ಎಂದಷ್ಟೇ ಕೇಳಿದ. ಅತ್ತೆ, ಹೆಂಗಸರು ಒಬ್ಬೊಬ್ಬರೇ ಹಾಗೆಲ್ಲ ರಸ್ತೆಯಲ್ಲಿ ನಿಲ್ಲಬಾರದು ಎಂದರು. ಹ್ಯಾಂಡ್ ಬ್ರೇಕಿನ ವಿಷಯ ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಕಳೆದ ವಾರ ಮಂಕಿಯ ಪೇಟೆಯಲ್ಲಿ ಮೀನಿನ ಬುಟ್ಟಿ ಹೊತ್ತ ಗಂಗಿ ರಸ್ತೆ ದಾಟಲು ಇಳಿದಳು. ಶರ್ಮಿಳೆ ಬ್ರೇಕ್ ಒತ್ತಿದಳು, ಗಾಡಿ ಗಡಗಡನೆ ನಡುಗುತ್ತ ಹೋಗಿ ಗಂಗಿಯ ಸೀರೆಗೆ ತಾಗುವಷ್ಟರಲ್ಲಿ ನಿಂತಿತು. ಹೆದರಿ ಅವಳು ಬುಟ್ಟಿ ಕೆಡವಿದಳು, ಬಂಗುಡೆ ರಸ್ತೆಯ ತುಂಬ. ಜನ ಸೇರಿದರು. ಹೆಂಗಸರ ಕೈಗೆ ಗಾಡಿ ಕೊಟ್ಟರೆ ಹೀಗೇ ಎಂದು ಯಾರೋ ಅಂದರು, ಇನ್ಯಾರೋ ವಿಡಿಯೊ ಮಾಡಿದರು. ಮೀನು ಹೆಕ್ಕಲು ಕೂತ ಗಂಗಿ ಮಾತ್ರ ತಲೆಯೆತ್ತಿ, "ಅಮಾ, ನಿಮ್ ಗಾಡಿ ಎಂತಕೆ ಹಂಗೆ ನಡುಗ್ತದೆ? ಜರ ಬಂದೋರ ಹಂಗೆ?" ಎಂದಳು. ಶರ್ಮಿಳೆಗೆ ಅವಳ ಕಾಲು ಹಿಡಿಯುವಷ್ಟಾಯಿತು. ಇಷ್ಟು ತಿಂಗಳಲ್ಲಿ ಅದನ್ನು ಕಣ್ಣಿಂದ ಕಂಡು ಬಾಯಿಬಿಟ್ಟು ಹೇಳಿದವಳು ಅವಳೊಬ್ಬಳೇ. ಶರ್ಮಿಳೆಯೂ ಕೂತು ಬಂಗುಡೆ ಹೆಕ್ಕಿದಳು. ಶಾಲೆಗೆ ಹೋದಾಗ ಕೈಯೆಲ್ಲ ಮೀನಿನ ವಾಸನೆ. ಅದೂ ಮೀನು ಮುಟ್ಟದ ಮನೆಗೆ ಸುದ್ದಿಯಾಗಿ ಬೇರೆ ರಂಪವಾಯಿತು. ಗಂಗಿಯ ಮಾತು ಹೇಳಿದಾಗ ಶ್ರೀರಾಮ, "ಮೀನು ಮಾರವ್ಕೆ ಗಾಡಿ ವಿಷಯ ಎಂತ ಗೊತ್ತಿದ್ದು?" ಎಂದ. ಅದೇ ಸಂಜೆ ಅವನು ಬೀಗದಕೈಯನ್ನು ದೇವರ ಗೂಡಿನ ಪಕ್ಕದ ಮೊಳೆಯಿಂದ ತೆಗೆದು ತನ್ನ ಕಪಾಟಿನೊಳಗೆ ಇಟ್ಟ.

ಅಂದಿನಿಂದ ಬಸ್ಸು. ಬಸ್ಸಿನ ಬಗ್ಗೆ ಅವಳಿಗೆ ತಕರಾರಿಲ್ಲ, ಇಪ್ಪತ್ತು ವರ್ಷ ಅದರಲ್ಲೇ ಓಡಾಡಿದವಳು. ಆದರೆ ಗಾಡಿ ಕಲಿತ ಮೇಲೆ ಹೊನ್ನಾವರಕ್ಕೂ ಭಟ್ಕಳಕ್ಕೂ ನಡುವಿನ ರಸ್ತೆ ಅವಳದಾಗಿತ್ತು. ಮನೆಯಲ್ಲಿ ಅವಳು ಸೊಸೆ, ಶಾಲೆಯಲ್ಲಿ ಟೀಚರ್, ನಡುವಿನ ಆ ಒಂದು ಗಂಟೆ ಮಾತ್ರ ಅವಳನ್ನು ಯಾರೂ ಕರೆಯುತ್ತಿರಲಿಲ್ಲ, ಯಾರಿಗೂ ಉತ್ತರ ಕೊಡಬೇಕಾಗಿರಲಿಲ್ಲ. ಕೆಲವೊಮ್ಮೆ ಶರಾವತಿ ಸೇತುವೆಯ ಮೇಲೆ ಸುಮ್ಮನೆ ಬಾಯಿಗೆ ಬಂದದ್ದು ಹಾಡುತ್ತಿದ್ದಳು, ಶ್ರುತಿ ಇಲ್ಲ, ತಾಳ ಇಲ್ಲ. ಅದು ಹೋಗುತ್ತದೆ ಅಂದರೆ ಏನು ಹೋಗುತ್ತದೆಂದು ಶ್ರೀರಾಮನಿಗೆ ವಿವರಿಸುವುದು ಸಾಧ್ಯವಿರಲಿಲ್ಲ. ಅವನಿಗೆ ಬೀಗದಕೈ ಅಂದರೆ ಬೀಗದಕೈ.

ಈಗ ಅದು ಅವನ ಅಂಗೈಯಲ್ಲಿತ್ತು. ಶರ್ಮಿಳೆ ಕೈ ಚಾಚಿ ಅದನ್ನು ತೆಗೆದುಕೊಂಡಳು. ಕಸಿದುಕೊಂಡಳು ಎಂದರೂ ಸರಿಯೇ. "ರಮಾನಂದ, ನೀನು ನನ್ನ ಪಕ್ಕಕ್ಕೆ ಕೂತ್ಕೋ. ಓಡಿಸುದು ನಾನು," ಎಂದಳು. ರಮಾನಂದ ಸಾರ್ ಮುಖ ನೋಡಿದ. "ಅವರ ಮುಖ ಎಂತಕ್ಕೆ ನೋಡ್ತೆ? ಗಾಡಿ ನಂದು. ಹತ್ತು ಅಂದ್ರೆ ಹತ್ತು." ದನಿ ಅಷ್ಟು ಏರುತ್ತದೆಂದು ಅವಳಿಗೇ ಗೊತ್ತಿರಲಿಲ್ಲ. ಎದುರಿನ ಚಾದಂಗಡಿಯ ಬೆಂಚಿನಲ್ಲಿ ಕೂತವರು ತಿರುಗಿದರು. ತಿರುಗಲಿ. ರಮಾನಂದ ಹತ್ತಿದ, ಹಿಂದಿನ ಸೀಟಿನಲ್ಲಿ ಶ್ರೀರಾಮ ಕೂತ. ಸೇತುವೆ ದಾಟಿ ಕಾಸರಕೋಡು ಕಳೆದು ರಸ್ತೆ ಬಿಚ್ಚಿಕೊಂಡಿತು. ಅರವತ್ತು, ಎಪ್ಪತ್ತು. ಹಿಂದಿನಿಂದ ಶ್ರೀರಾಮ, "ನಿಧಾನ, ನಿಧಾನ," ಎಂದ. ಅವನು ಪಕ್ಕದಲ್ಲಿ ಕೂತಾಗಲೂ ಹೀಗೇ, ಬಲಗಾಲನ್ನು ಇಲ್ಲದ ಬ್ರೇಕಿನ ಮೇಲೆ ಒತ್ತುತ್ತಿರುತ್ತಾನೆ. ಡ್ರೈವಿಂಗ್ ಕಲಿಸಿದವನ ಕಾಲ ಕೆಳಗಾದರೂ ನಿಜವಾದ ಬ್ರೇಕಿತ್ತು, ಅವನಿಗೆ ಅದರ ಹಕ್ಕೂ ಇತ್ತು. ಎಂಬತ್ತು. ಕನ್ನಡಿಯಲ್ಲಿ ಹಿಂದೆ ಯಾರೂ ಇರಲಿಲ್ಲ. ಒಂದು ಕ್ಷಣ ಅವಳಿಗೆ ಭಯವಾಯಿತು. ಇವತ್ತೇ ನಡುಗದಿದ್ದರೆ? ಡಾಕ್ಟರ ಎದುರು ಕೈ ನಡುಗದ ಹಾಗೆ, ಇವನ ಎದುರು ಗಾಡಿ ನಡುಗದಿದ್ದರೆ? ದೇವರೇ, ನಡುಗಲಿ. ತನ್ನ ಗಾಡಿ ಕೆಟ್ಟಿರಲಿ ಎಂದು ಬೇಡಿಕೊಳ್ಳುವ ಹಾಗೆ ಮಾಡಿದರಲ್ಲ ಇವರು! ಬ್ರೇಕ್ ಒತ್ತಿದಳು.

ನಡುಗಿತು. ಸ್ಟಿಯರಿಂಗ್ ಅವಳ ಕೈಯಲ್ಲಿ ಎಡಬಲ ಕುಣಿಯಿತು, ಎದುರಿನ ಗಣಪತಿ ಕುಣಿದ, ರಮಾನಂದನ ಕೈ ತಾನಾಗಿ ಡ್ಯಾಶ್‌ಬೋರ್ಡಿಗೆ ಹೋಯಿತು. ಅವಳು ಬಿಡಲಿಲ್ಲ, ಪೂರ್ತಿ ನಿಲ್ಲುವ ತನಕ ಒತ್ತಿಯೇ ಹಿಡಿದಳು. ಮತ್ತೆ ಏರಿಸಿ ಮತ್ತೆ ಒತ್ತಿದಳು. ಮೂರನೆಯ ಸಲಕ್ಕೆ ರಮಾನಂದ, "ಸಾಕು ಸಾಕು, ಗೊತ್ತಾಯ್ತು," ಎಂದು ಹಿಂದೆ ತಿರುಗಿ, "ಹೌದು ಸಾರ್. ಗಾಡಿ ನಡುಗ್ತದೆ," ಎಂದ. ಆ ಎರಡು ಮಾತಿಗಾಗಿ ಇಷ್ಟು ತಿಂಗಳು ಕಾದಿದ್ದಳು. ಬಂದದ್ದು ಬಂತು, ಆದರೆ ಅವಳ ಕಡೆಗಲ್ಲ, ಹಿಂದಿನ ಸೀಟಿಗೆ. ಶ್ರೀರಾಮ, "ಎಂತ ಇರ್ಲಕ್ಕು?" ಎಂದ, ಈಗಷ್ಟೇ ಮೊದಲ ಸಲ ಕೇಳಿದವನಂತೆ. "ಮುಂದಿನ ಡಿಸ್ಕು," ಎಂದಳು ಶರ್ಮಿಳೆ. "ಮುಂದಿನ ಡಿಸ್ಕ್ ಇರ್ಬೇಕು ಸಾರ್," ಎಂದ ರಮಾನಂದ.

ಗ್ಯಾರೇಜಿಗೆ ಬಂದು ಜಾಕ್ ಕೊಟ್ಟು ಮುಂದಿನ ಚಕ್ರ ಬಿಚ್ಚಿದ. ಒಳಗೆ ಹೊಳೆಯುವ ಉಕ್ಕಿನ ತಟ್ಟೆ, ಅದೇ ಡಿಸ್ಕು. ಬ್ರೇಕ್ ಒತ್ತಿದಾಗ ಎರಡೂ ಬದಿಯಿಂದ ಪ್ಯಾಡುಗಳು ಕಚ್ಚಿ ಹಿಡಿಯುವುದು ಇದನ್ನೇ. ರಮಾನಂದ ಸ್ಕ್ರೂಡ್ರೈವರಿನ ತುದಿಯನ್ನು ತಟ್ಟೆಯ ಅಂಚಿಗೆ ಕೂದಲೆಳೆಯಷ್ಟು ಬಿಟ್ಟು ಹಿಡಿದು, ಇನ್ನೊಂದು ಕೈಯಲ್ಲಿ ತಟ್ಟೆಯನ್ನು ತಿರುಗಿಸಿದ. ಒಂದು ಕಡೆ ಸಂದು ಅಗಲವಾಯಿತು, ಒಂದು ಕಡೆ ಕಿರ್ರೆಂದು ತಾಗಿತು. ಮತ್ತೆ ಅಗಲ, ಮತ್ತೆ ಕಿರ್ರ್. ಡೊಂಕು. ಕುಣಿಯಲು ಬಾರದವಳ ನೆಲ ನಿಜಕ್ಕೂ ಡೊಂಕಾಗಿತ್ತು. ಗಾದೆ ಹೇಳಿದವನು ಬಗ್ಗಿ ನೋಡಿ ಹೂಂ ಹೂಂ ಎಂದ. ಆಚೆ ಬದಿಯದೂ ಹಾಗೇ ಇತ್ತು. "ಡಿಸ್ಕ್ ಬಗ್ಗುವಷ್ಟು ಹಳೇ ಗಾಡಿ ಅಲ್ಲ ಸಾರ್ ಇದು. ಎಲ್ಲಿಗೆ ಒಯ್ದಿದ್ರಿ? ಓಂ ಬೀಚ್ ಕಡೆ ಮರಳಲ್ಲಿ ಇಳಿಸಿದ್ರಾ? ಬಿಸಿ ಬ್ರೇಕಿಗೆ ತಣ್ಣೀರು ಬಿದ್ರೆ ಹಿಂಗೆ ಬಗ್ಗುದು." ಶ್ರೀರಾಮ, ಬೀಚಿಗೆಲ್ಲ ಹೋಗಿಲ್ಲ ಎಂದ. ರಮಾನಂದ ತಟ್ಟೆಯ ಮೇಲೆ ಬೆರಳಾಡಿಸಿದ. "ಹಂಗಾದ್ರೆ ಘಟ್ಟದಲ್ಲಿ ಆದದ್ದು. ಮೇಡಂ ಇಳಿವಾಗ ಬ್ರೇಕ್ ಮೇಲೇ ಕಾಲು ಇಟ್ಕಂಡು ಬರ್ತಾರೆ, ಹೌದಲ್ಲ? ಹೆಂಗಸರು ಎಲ್ಲ ಹಂಗೇ. ಗೇರಲ್ಲಿ ಇಳಿಸ್ಬೇಕು." ಶ್ರೀರಾಮ ತಲೆಯಾಡಿಸಿದ. "ಅದ್ಕೆ ಆ ಅಭ್ಯಾಸ ಇದ್ದು," ಎಂದ. ಅವರ ಮನೆಮಾತಿನಲ್ಲಿ ಹೆಂಗಸರೆಲ್ಲ ‘ಅದು’.

ಘಟ್ಟದಲ್ಲಿ ಅವಳು ಒಂದು ದಿನವೂ ಗಾಡಿ ಓಡಿಸಿದವಳಲ್ಲ. ಘಟ್ಟ ಬಂತೆಂದರೆ ಶ್ರೀರಾಮ ಸೀಟು ಬದಲಿಸುತ್ತಾನೆ. ಇದು ಹೆಂಗಸರ ಕೆಲಸವಲ್ಲ ಎಂದು ಇಳಿಸಿಯೇ ಬಿಡುತ್ತಾನೆ. ಕಳೆದ ಮಳೆಗಾಲದಲ್ಲಿ ಸಿದ್ದಾಪುರದ ಕಡೆಯ ನೆಂಟರಲ್ಲಿ ಒಂದರ ಹಿಂದೊಂದು ಸಾವಾದವು. ಮೊದಲು ದೊಡ್ಡಮಾವ, ಆಮೇಲೆ ಅತ್ತೆಯ ಅಕ್ಕ, ಆಮೇಲೆ ಇನ್ನೊಬ್ಬರು. ಪ್ರತಿ ಸಲ ಬೆಳಿಗ್ಗೆ ಹೋಗಿ, ಸಾವಿನ ಮನೆಯಲ್ಲಿ ಒಂದು ತೊಟ್ಟು ನೀರು ಮುಟ್ಟದೆ ಇಳಿದು ಬರುವುದು. ಊರ ಮನೆಯಾಗಿದ್ದರೆ ಹಿತ್ತಲ ಬಾವಿಯಲ್ಲಿ ಮಿಂದು ಒಳಗೆ ಬರಬಹುದಿತ್ತು. ಇವರದು ಹೊನ್ನಾವರದ ಅಪಾರ್ಟ್‌ಮೆಂಟು, ಮೂರನೆಯ ಮಹಡಿ. ಸಾವಿನ ಮನೆಯ ಮೈಲಿಗೆಯಲ್ಲಿ ಲಿಫ್ಟ್ ಗುಂಡಿ ಒತ್ತಿದರೆ ಕಟ್ಟಡಕ್ಕೆಲ್ಲ ಮೈಲಿಗೆ ಎಂದು ಅತ್ತೆ ಹಟ ಹಿಡಿದರು. ಅದಕ್ಕೆ ಶ್ರೀರಾಮ ಕಂಡುಕೊಂಡ ಉಪಾಯ: ಗೇರುಸೊಪ್ಪೆ ಘಟ್ಟದ ಬುಡದಲ್ಲಿ, ರಸ್ತೆಗೆ ತಾಗಿ ಹರಿಯುವ ಹಳ್ಳದ ಹತ್ತಿರ ಗಾಡಿ ನಿಲ್ಲಿಸಿ, ಎಲ್ಲರೂ ಅಲ್ಲೇ ಮುಳುಗಿ, ಬಟ್ಟೆ ಬದಲಿಸಿ ಬರುವುದು. ಮೊದಲ ಸಲ ಮಿಂದು ಬಂದ ಅತ್ತೆ ಗಾಡಿ ಹತ್ತಲಿಲ್ಲ. "ಗಾಡಿಗೆ ಮಡಿ ಇಲ್ಲೆಯಾ? ಇದೇ ಚಕ್ರ ಅಲೆ ಅವರ ಅಂಗಳಕ್ಕೆ ಹೋದ್ದು?" ಎಂದರು. ಶ್ರೀರಾಮ ಡಿಕ್ಕಿಯಿಂದ ಬಕೆಟ್ ತೆಗೆದು ಹಳ್ಳದ ನೀರು ತಂದು ಚಕ್ರಗಳಿಗೆ ಹೊಯ್ದ. ಘಟ್ಟ ಇಳಿದ ಬಿಸಿಗೆ ಮುಂದಿನ ಚಕ್ರದಿಂದ ಸುಟ್ಟ ವಾಸನೆ ಬರುತ್ತಿತ್ತು. ನೀರು ಬಿದ್ದದ್ದೇ ಚುಂಯ್ ಎಂದು ಹಬೆ ಎದ್ದಿತು. ಅತ್ತೆ ಕೈಮುಗಿದರು. "ನೋಡು, ಮೈಲಿಗೆ ಹೇಂಗೆ ಬಿಟ್ಟಿಕ್ಕೆ ಹೋತು," ಎಂದ ಶ್ರೀರಾಮ, ತಮಾಷೆಗೆ. ಆ ದಿನ ಶರ್ಮಿಳೆಯೂ ನಕ್ಕಿದ್ದಳು.

ಈಗ ಅವಳು ಗಂಡನ ಮುಖ ನೋಡಿದಳು. ಅವನಿಗೂ ಆ ಹಬೆ ನೆನಪಾಗಿದೆ ಎಂದು ಒಂದೇ ನೋಟಕ್ಕೆ ತಿಳಿಯಿತು. ಅವನು ಗೋಡೆಯ ಮೇಲಿನ ಆಯಿಲ್ ಕಂಪನಿಯ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದ. ಅವಳು ಕಾದಳು. ಹೇಳುತ್ತಾನೆ ಎಂದು ಕಾದಳು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವನು, ಕೆಟ್ಟವನಲ್ಲ, ಜ್ವರ ಬಂದರೆ ಗಂಜಿ ಮಾಡಿಕೊಡುವವನು. ಈಗ ಬಾಯಿ ಬಿಡುತ್ತಾನೆ ಎಂದು ಕಾದಳು. ಅವನು ಕ್ಯಾಲೆಂಡರಿನ ಹಾಳೆ ಮಗುಚಿದ. ಅಲ್ಲಿಗೆ ಅವಳ ತಾಳ್ಮೆಯೆಂಬ ದೊಡ್ಡ ಗುಡಾಣ ತಳದವರೆಗೆ ಬತ್ತಿಹೋಯಿತು.

"ಘಟ್ಟದಲ್ಲಿ ನಾನು ಒಂದು ದಿನಾನೂ ಗಾಡಿ ಓಡಿಸ್ಲಿಲ್ಲ ರಮಾನಂದ," ಎಂದಳು, ಅವನಿಗೆ ಅರ್ಥವಾಗುವ ಭಾಷೆಯಲ್ಲಿ, ಚಾದಂಗಡಿಗೂ ಕೇಳುವ ಹಾಗೆ. "ಓಡಿಸಿದ್ದು ಇವರು. ಬ್ರೇಕ್ ಮೇಲೆ ಕಾಲಿಟ್ಟದ್ದು ಇವರು. ಸಾವಿನ ಮನೆಗೆ ಹೋಗಿ ಬಂದಾಗೆಲ್ಲ ಘಟ್ಟದ ಬುಡದಲ್ಲಿ ನಿಲ್ಲಿಸಿ, ಹೊಗೆ ಬರುವ ಚಕ್ರಕ್ಕೆ ಬಕೆಟ್ಟಲ್ಲಿ ತಣ್ಣೀರು ಹೊಯ್ದದ್ದೂ ಇವರು. ಗಾಡಿಗೆ ಸ್ನಾನ ಮಾಡಿಸಿದ್ದು." ಶ್ರೀರಾಮನ ಕಿವಿ ಕೆಂಪಾಯಿತು. ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಮನೆ ವಿಷಯ ಇಲ್ಲೆಲ್ಲ ಎಂತಕ್ಕೆ? ನಗ್ತ ಅವ," ಎಂದ. ಅವಳಿಗೆ ಬಂದ ಸಿಟ್ಟಿಗೆ ಕಣ್ಣು ಮಂಜಾಯಿತು. ಹೆಂಡತಿಗೆ ಗಾಡಿ ಓಡಿಸಲು ಬರುವುದಿಲ್ಲ ಎನ್ನುವುದು ಮನೆ ವಿಷಯವಲ್ಲ. ಹೆಂಡತಿಯ ಕೈ ನಡುಗುತ್ತದೆ ಎನ್ನುವುದು ಮನೆ ವಿಷಯವಲ್ಲ. ಊರಿಗೆಲ್ಲ ಹೇಳಬಹುದು, ಮೆಕ್ಯಾನಿಕ್‌ಗೂ ಹೇಳಬಹುದು. ಬಕೆಟ್ ಮಾತ್ರ ಮನೆ ವಿಷಯ. ರಮಾನಂದ ನಿಜಕ್ಕೂ ನಗಲಿಲ್ಲ. ಚಕ್ರದ ನಟ್ಟುಗಳನ್ನು ಡಬ್ಬಿಗೆ ಹಾಕುತ್ತ, "ಮೈಲಿಗೆ ಎಲ್ಲರಿಗೂ ಅದೆ ಸಾರ್. ಚಕ್ರ ಆರಿದ ಮೇಲೆ ನೀರು ಹೊಯ್ಯಿ, ಅಷ್ಟೇ," ಎಂದ. ಎರಡೂ ಡಿಸ್ಕು, ಪ್ಯಾಡು ಹೊಸತೇ ಹಾಕಬೇಕು, ಒಂದು ಬದಿ ಮಾತ್ರ ಹಾಕಿದರೆ ಗಾಡಿ ಒಂದು ಕಡೆಗೆ ಎಳೆಯುತ್ತದೆ, ಸಾಮಾನು ಕುಮಟೆಯಿಂದ ಬಸ್ಸಿನಲ್ಲಿ ತರಿಸುತ್ತೇನೆ, ಸಂಜೆಗೆ ಆಗುತ್ತದೆ ಎಂದ. ಇದನ್ನೂ ಸಾರ್‌ಗೇ ಹೇಳಿದ.

ಸಂಜೆ ಗಾಡಿ ಇಳಿಸಿಕೊಂಡರು. ಹೊಸ ಪ್ಯಾಡು ಕೂರುವವರೆಗೆ ಮೆಲ್ಲ ಮೆಲ್ಲ ಬ್ರೇಕ್ ಒತ್ತುತ್ತ ಸ್ವಲ್ಪ ದೂರ ಓಡಿಸಿ ಎಂದಿದ್ದ ರಮಾನಂದ. ಶರ್ಮಿಳೆ ಸ್ಟಿಯರಿಂಗಿನ ಮುಂದೆ ಕೂತಳು, ಶ್ರೀರಾಮ ಪಕ್ಕದಲ್ಲಿ ಕೂತ. ಸೇತುವೆಯ ಕೆಳಗೆ ದೋಣಿಗಳು ಅಳಿವೆಯ ಕಡೆ ಹೊರಟಿದ್ದವು. ಒತ್ತಿದರೆ ಗಾಡಿ ತಗ್ಗಿ ನಿಲ್ಲುತ್ತಿತ್ತು, ಸ್ಟಿಯರಿಂಗ್ ಅಲುಗುತ್ತಿರಲಿಲ್ಲ. ಅವಳಿಗೆ ಅಳು ಬರುವಷ್ಟು ಹಾಯೆನಿಸಿತು. ಇಷ್ಟೇ ಬೇಕಿದ್ದದ್ದು. ಹೋಗಲಿ, ಇನ್ನು ಜಗಳ ಬೇಡ, ಅವನಿಗೂ ನಾಚಿಕೆಯಾಗಿದೆ ಎಂದುಕೊಂಡಳು. ಮನಸ್ಸು ಅಷ್ಟು ಬೇಗ ಕ್ಷಮಿಸಲು ಓಡುವುದನ್ನು ಕಂಡು ತನ್ನ ಮೇಲೇ ಸಿಟ್ಟು ಬಂತು. ಕಾಸರಕೋಡು ದಾಟುವಾಗ ಗಾಡಿಯ ಸ್ಪೀಕರಿನಲ್ಲಿ ಫೋನು ಬಡಿದುಕೊಂಡಿತು. ಕುಮಟೆಯಿಂದ ಭಾವ ಶ್ರೀಧರ, ಶ್ರೀರಾಮನ ಅಣ್ಣ.

"ಎಂತ ಹೇಳ್ದ ರಮಾನಂದ?" ಎಂದು ಭಾವನ ದನಿ ಗಾಡಿಯ ತುಂಬ ಕೇಳಿತು. "ಎಲ್ಲ ಸರಿ ಆತು ಅಣ್ಣಾ. ಡಿಸ್ಕ್ ಡೊಂಕಾಗಿತ್ತು. ನಂಗೆ ಮೊದಲೇ ಅನುಮಾನ ಇತ್ತು," ಎಂದ ಶ್ರೀರಾಮ. "ಎಂತಕ್ಕೆ ಹಾಂಗಾತು?" "ಘಟ್ಟ ಇಳಿವಾಗ ಬ್ರೇಕ್ ಮೇಲೇ ಕಾಲಿಟ್ರೆ ಹಾಂಗಾಗ್ತಡ." ಯಾರ ಕಾಲು ಎಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. "ಹಾಂಗಾರೆ ಅದ್ಕೆ ಸಮಾ ಹೇಳು, ಗೇರಲ್ಲಿ ಇಳಿಸು ಹೇಳಿ," ಎಂದರು ಭಾವ. "ಕೈ ಈಗ ಹೇಂಗಿದ್ದು ಅದ್ರದ್ದು? ಮಾತ್ರೆ ತಗತ್ತಾ ಇದ್ದಾ? ಇಲ್ಲಿ ಎಲ್ಲರೂ ಕೇಳ್ತ." ಶ್ರೀರಾಮ ಕಿಟಕಿಯ ಕಡೆ ತಿರುಗಿ, "ಹೂಂ," ಎಂದ.

ಶರ್ಮಿಳೆ ಗಾಡಿಯನ್ನು ರಸ್ತೆ ಬದಿಗೆ ತಂದು ನಿಲ್ಲಿಸಿದಳು. ಗಾಡಿ ಒಂದಿಷ್ಟೂ ನಡುಗದೆ ನಿಂತಿತು. ಇಂಜಿನ್ ಆರಿಸಿದಳು. ಆಗ ನೋಡಿದರೆ ಅವಳ ಕೈ ನಡುಗುತ್ತಿತ್ತು, ಮೊಳಕೈಯಿಂದ ಬೆರಳ ತುದಿಯವರೆಗೆ, ತಡೆಯಲು ಹೋದಷ್ಟೂ ಹೆಚ್ಚಾಗಿ. ಶ್ರೀರಾಮನೂ ನೋಡಿದ. ಗಾಬರಿಯಿಂದಲೋ, ಕಡೆಗೂ ತನ್ನ ಮಾತು ನಿಜವಾಯಿತೆಂಬ ಸಮಾಧಾನದಿಂದಲೋ, "ನೋಡು ನೋಡು, ನಡುಗ್ತಾ ಇದ್ದು," ಎಂದ. "ಹೌದು, ನಡುಗ್ತಾ ಇದ್ದು," ಎಂದಳು ಅವಳು. ಎರಡೂ ಕೈಗಳನ್ನು ಅವನ ಮುಖದ ಮುಂದೆ ಹಿಡಿದಳು. "ಸಿಟ್ಟಿಗೆ ನಡುಗ್ತಾ ಇದ್ದು. ಎಂತ ಸಿಟ್ಟು ಹೇಳದನ್ನ ಭಾವಂಗೆ ನೀವೇ ಹೇಳಿ. ಹೇಳದೆ ಗಾಡಿ ಇಲ್ಲಿಂದ ಹಂದ್ತಿಲ್ಲೆ." "ಎಂತ ಆತು? ಎಂತ ಆತ್ರೋ?" ಎಂದು ಭಾವ ಕೇಳುತ್ತಲೇ ಇದ್ದರು. ಒಂದು ಮೀನಿನ ಲಾರಿ ನೀರು ಸುರಿಸುತ್ತ ಪಕ್ಕದಲ್ಲೇ ಹಾದುಹೋಯಿತು. ಶ್ರೀರಾಮ ಅವಳ ಕೈ ನೋಡಿದ, ಮುಖ ನೋಡಿದ.

"ಅಣ್ಣಾ," ಎಂದ. "ಘಟ್ಟ ಇಳಿಸಿದ್ದು ಆನು. ಬಿಸಿ ಚಕ್ರಕ್ಕೆ ನೀರು ಹೊಯ್ದದ್ದೂ ಆನೇಯ. ಅದ್ರ ಕೈಯಿಂದ ಎಂತೂ ಆಜಿಲ್ಲೆ. ಅದ್ರ ಕೈಗೆ ಎಂತೂ ಆಜಿಲ್ಲೆ."

ಸ್ಪೀಕರಿನಲ್ಲಿ ಭಾವ ದೊಡ್ಡದಾಗಿ ನಕ್ಕರು. "ಅಯ್ಯೋ, ಅಷ್ಟೇಯಾ! ಎಂತದೋ ಆತು ಹೇಳಿ ಆನು ಹೆದರಿ ಹೋದಿ ಮಾರಾಯಾ. ಬಿಡು ಬಿಡು. ಗೊತ್ತಿಲ್ದೆ ಮಾಡಿದ್ದು. ಯಾರಿಗಾದ್ರೂ ಆಗ್ತು." ಶ್ರೀರಾಮನ ಭುಜ ಸಡಿಲವಾಯಿತು. ಅವನೂ ನಕ್ಕ. ಮೊದಲು ಮೆಲ್ಲಗೆ, ಆಮೇಲೆ ಅಣ್ಣನ ಜೊತೆಗೆ, ಜೋರಾಗಿ. ಯಾರಿಗಾದರೂ ಆಗುತ್ತದೆ. ಎಷ್ಟು ಸುಲಭದ ಮಾತು! ಇಷ್ಟು ತಿಂಗಳಲ್ಲಿ ಈ ಮಾತನ್ನು ಯಾರೂ ಅವಳಿಗೆ ಹೇಳಿರಲಿಲ್ಲ. ಶರ್ಮಿಳೆ ಗಾಡಿ ಶುರುಮಾಡಲಿಲ್ಲ. ಅವರಿಬ್ಬರ ನಗು ಮುಗಿಯಲಿ ಎಂದು ಕೂತಳು.